ಹೊಲದ ಮೇಲೆ ಏಳುವ ಕೈಗಾರಿಕಾ ನಗರ: ಏರಿದ ನೆಲದ ಬೆಲೆ ಯಾರಿಗೆ?

(ಸದಸ್ಯರ ಅಭ್ಯಾಸ ಪಾಠ)



ಅಡಿಕೆಯ ಸಸಿ ನೆಟ್ಟವನು ಫಲ ಕಾಣಲು ಐದಾರು ವರ್ಷ ಕಾಯುತ್ತಾನೆ. ಕಾಫಿ ಗಿಡ ನೆಟ್ಟವನಿಗೆ ಮೂರು ನಾಲ್ಕು ವರ್ಷವಾದರೂ ಬೇಕು. ಆದರೆ ಭೂಮಿಯಿಂದ ಬರುವ ಇನ್ನೊಂದು ಬೆಳೆ ಇದೆ. ಅದಕ್ಕೆ ನೀರು ಗೊಬ್ಬರ ಬೇಡ, ಔಷಧಿ ಸಿಂಪಡಣೆಯೂ ಬೇಡ. ಊರು ಬೆಳೆದಂತೆ ಅದು ತಾನಾಗಿಯೇ ಬೆಳೆಯುತ್ತದೆ. ನೆಲದ ಬೆಲೆಯ ಏರಿಕೆಯೇ ಆ ಬೆಳೆ. ಹೊಸ ರಸ್ತೆ, ರೈಲು ನಿಲ್ದಾಣ, ಕಾರ್ಖಾನೆ ಬಂದ ಕಡೆಗಳಲ್ಲಿ ಇದನ್ನು ನಾವೆಲ್ಲರೂ ನೋಡಿದ್ದೇವೆ. ಬೆಳೆ ಬರುತ್ತದೆಯೋ ಇಲ್ಲವೋ ಎಂಬ ಸಂಶಯ ಕಡಿಮೆ. ಅದು ಯಾರ ಕಣಜಕ್ಕೆ ಹೋಗುತ್ತದೆ ಎಂಬುದೇ ಪ್ರಶ್ನೆ.

ಜನ ವಿರಳವಾಗಿರುವ ಕೃಷಿ ಭೂಮಿಯಲ್ಲಿ ಹೊಸ ಕೈಗಾರಿಕಾ ನಗರ ಕಟ್ಟುವ ಯೋಜನೆಗಳು ಇಂದು ದೇಶದ ಹಲವು ಕಡೆ ನಡೆದಿವೆ. ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ಮಾಡಿದ ಒಂದು ಊರು ಇಂಗ್ಲೆಂಡಿನಲ್ಲಿದೆ. ಅದರ ಹೆಸರು ಲೆಚ್‌ವರ್ತ್. 1903ರಲ್ಲಿ ಆರಂಭವಾದ ಆ ಊರಿನ ಜಮಾಖರ್ಚು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಷ್ಟು ಉದ್ದವಾಗಿದೆ. ಅದರ ಲಾಭ ನಷ್ಟಗಳೆರಡರಿಂದಲೂ ನಾವು ಕಲಿಯತಕ್ಕದ್ದು ಇದೆ.

ಶೀಘ್ರಲಿಪಿಕಾರನೊಬ್ಬನ ಲೆಕ್ಕ

ಈ ಯೋಜನೆಯ ಮೂಲಪುರುಷ ಎಬೆನೆಜರ್ ಹೊವರ್ಡ್. 1850ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತ ಎಂಜಿನಿಯರನೂ ಅಲ್ಲ, ಧನಿಕನೂ ಅಲ್ಲ. ಯೌವನದಲ್ಲಿ ಅಮೆರಿಕಕ್ಕೆ ಹೋಗಿ ನೆಬ್ರಾಸ್ಕದಲ್ಲಿ ಬೇಸಾಯ ಮಾಡಲು ಯತ್ನಿಸಿ ಸೋತವನು. 1876ರಲ್ಲಿ ತಾಯ್ನಾಡಿಗೆ ಮರಳಿ, ಪಾರ್ಲಿಮೆಂಟಿನ ಕಲಾಪಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸದಲ್ಲಿ ಜೀವನ ಸಾಗಿಸಿದನು. ಆ ಕಾಲದ ಲಂಡನ್ನಿನಲ್ಲಿ ಕೊಳಚೆ ಮನೆಗಳು, ಹೊಗೆ, ಏರಿದ ಬಾಡಿಗೆ. ಹಳ್ಳಿಗಳಲ್ಲಿ ಕೂಲಿಯಿಲ್ಲದೆ ಜನ ಊರು ಬಿಡುತ್ತಿದ್ದರು. ಎರಡಕ್ಕೂ ಒಂದೇ ಮದ್ದನ್ನು ಹೊವರ್ಡ್ 1898ರಲ್ಲಿ ಒಂದು ಪುಸ್ತಕದಲ್ಲಿ ಬರೆದನು. ಅದೇ ಪುಸ್ತಕ 1902ರಲ್ಲಿ ‘ನಾಳಿನ ಉದ್ಯಾನ ನಗರಗಳು’ ಎಂಬ ಅರ್ಥದ ಹೆಸರಿನಲ್ಲಿ ಮತ್ತೆ ಅಚ್ಚಾಯಿತು.

ಉದ್ಯಾನ ನಗರವೆಂದರೆ ಹೂದೋಟದ ಊರು ಎಂದು ತಿಳಿಯಬಾರದು. ಹೊವರ್ಡನ ಪುಸ್ತಕದ ಬಹುಪಾಲು ಹಣದ ಲೆಕ್ಕವೇ. ಅದರ ಸಾರಾಂಶ ಇಷ್ಟು:

1. ಕೃಷಿ ಭೂಮಿಯ ಬೆಲೆಗೆ, ಎಕರೆಗೆ 40 ಪೌಂಡಿನಂತೆ, 6,000 ಎಕರೆ ಕೊಳ್ಳುವುದು. ಒಟ್ಟು 2,40,000 ಪೌಂಡು.

2. ಈ ಹಣವನ್ನು ನೂರಕ್ಕೆ 4ರ ಬಡ್ಡಿಯಲ್ಲಿ ಸಾಲವಾಗಿ ಎತ್ತುವುದು. ವರ್ಷದ ಬಡ್ಡಿ 9,600 ಪೌಂಡು.

3. 1,000 ಎಕರೆಯಲ್ಲಿ ಪಟ್ಟಣ. ಸುತ್ತಲಿನ 5,000 ಎಕರೆ ಎಂದೆಂದಿಗೂ ಕೃಷಿಗೆ. ಪಟ್ಟಣದಲ್ಲಿ 30,000, ಕೃಷಿ ವಲಯದಲ್ಲಿ 2,000, ಒಟ್ಟು 32,000 ಜನ. ಅದಕ್ಕಿಂತ ಬೆಳೆಯುವ ಜನಸಂಖ್ಯೆಗೆ ಬೇರೊಂದು ಊರು.

4. ನೆಲವನ್ನು ಯಾರಿಗೂ ಮಾರದೆ ಗೇಣಿಗೆ ಕೊಡುವುದು. ಬಂದ ಗೇಣಿಯಿಂದ ಮೊದಲು ಬಡ್ಡಿ, ಅನಂತರ ಅಸಲಿನ ಕಂತು, ಉಳಿದದ್ದು ರಸ್ತೆ, ಶಾಲೆ, ನೀರು ಮುಂತಾದ ಊರಿನ ಕೆಲಸಗಳಿಗೆ.

ಈ ಲೆಕ್ಕದ ಜೀವಾಳ ನಾಲ್ಕನೆಯ ಅಂಶದಲ್ಲಿದೆ. ಆಗಿನ ಲಂಡನ್ನಿನ ಕೆಲವು ಭಾಗಗಳಲ್ಲಿ ನೆಲದ ಬಾಡಿಗೆ ಎಕರೆಗೆ ವರ್ಷಕ್ಕೆ 30,000 ಪೌಂಡಿನಷ್ಟಿದ್ದರೆ, ಕೃಷಿ ಭೂಮಿಗೆ 4 ಪೌಂಡು ಎಂಬುದೇ ಬಹಳ ಹೆಚ್ಚಿನ ಗೇಣಿ ಎಂದು ಹೊವರ್ಡ್ ತೋರಿಸಿದನು. ಮಣ್ಣು ಎರಡು ಕಡೆಯೂ ಒಂದೇ. ಅಂತರವನ್ನು ಉಂಟುಮಾಡಿದ್ದು ಜನರು ಅಲ್ಲಿ ಬಂದು ನೆಲೆಸಿದ್ದು. ಹಾಗಿದ್ದ ಮೇಲೆ ಆ ಏರಿಕೆ ಆ ಜನರಿಗೇ ಸೇರಬೇಕು ಎಂಬುದು ಅವನ ವಾದ.

ಭೂಮಿ ಕೊಂಡ ಬಗೆ

ಪುಸ್ತಕ ಓದಿದ ಕೆಲವು ವಕೀಲರು, ವ್ಯಾಪಾರಿಗಳು, ಕಾರ್ಖಾನೆದಾರರು ಕೈಜೋಡಿಸಿದರು. 1903ರ ಸೆಪ್ಟೆಂಬರಿನಲ್ಲಿ ‘ಫಸ್ಟ್ ಗಾರ್ಡನ್ ಸಿಟಿ ಲಿಮಿಟೆಡ್’ ಎಂಬ ಕಂಪನಿ ನೋಂದಣಿಯಾಯಿತು. ಅಧಿಕೃತ ಬಂಡವಾಳ 3 ಲಕ್ಷ ಪೌಂಡು. ಷೇರುದಾರರಿಗೆ ನೂರಕ್ಕೆ 5ಕ್ಕಿಂತ ಹೆಚ್ಚು ಲಾಭಾಂಶ ಕೊಡಕೂಡದು, ಮಿಕ್ಕದ್ದೆಲ್ಲ ಊರಿಗೆ ಎಂಬ ಕಟ್ಟಳೆ ಮಾಡಲಾಯಿತು. ಇದು ಕಾಯಿದೆಯ ಪ್ರಕಾರ ಸಹಕಾರ ಸಂಘವಲ್ಲ, ಕಂಪನಿಯೇ. ಆದರೆ ಲಾಭಾಂಶಕ್ಕೆ ಮಿತಿ ಹಾಕುವ ಈ ತತ್ವ ಸಹಕಾರಿಗಳಾದ ನಮಗೆ ಹೊಸದಲ್ಲ.

ಲಂಡನ್ನಿನಿಂದ ಸುಮಾರು 35 ಮೈಲಿ ಉತ್ತರಕ್ಕೆ, ಹರ್ಟ್‌ಫರ್ಡ್‌ಷೈರಿನಲ್ಲಿ 3,818 ಎಕರೆ ಸಿಕ್ಕಿತು. ಲೆಚ್‌ವರ್ತ್, ನಾರ್ಟನ್, ವಿಲಿಯನ್ ಎಂಬ ಮೂರು ಸಣ್ಣ ಹಳ್ಳಿಗಳು. ಇಡೀ ಪ್ರದೇಶದಲ್ಲಿ ನಾನೂರು ಚಿಲ್ಲರೆ ಜನ. 15 ಮಂದಿ ಮಾಲೀಕರಿಂದ ಒಟ್ಟು 1,55,587 ಪೌಂಡಿಗೆ ಖರೀದಿ ನಡೆಯಿತು. ಭಾಗಿಸಿ ನೋಡಿದರೆ ಎಕರೆಗೆ 41 ಪೌಂಡಿಗೂ ಕಡಿಮೆ. ಹೊವರ್ಡ್ ಪುಸ್ತಕದಲ್ಲಿ ಊಹಿಸಿದ್ದ ಬೆಲೆಯೇ.

ಅಷ್ಟು ಕರಾರುವಾಕ್ಕಾಗಿ ಹೇಗೆ ಬಂತು? ಮಾತುಕತೆಯೆಲ್ಲ ಗುಟ್ಟಾಗಿ ನಡೆದದ್ದರಿಂದ. ಇಲ್ಲಿ ನಗರ ಬರುತ್ತದೆ ಎಂಬ ಸುಳಿವು ಹೊರಬಿದ್ದಿದ್ದರೆ ಬೆಲೆ ಏರುತ್ತಿತ್ತು, ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. ಇದನ್ನು ಬೆಳೆಗಾರರಾದ ನಾವು ಚೆನ್ನಾಗಿ ಗಮನಿಸಬೇಕು. ಹೊಸ ನಗರದ ಲೆಕ್ಕ ಕೂಡುವುದು ಮಾರುವವನಿಗೆ ಕೃಷಿ ಬೆಲೆಯನ್ನು ಮಾತ್ರ ಕೊಟ್ಟಾಗ. ಲೆಚ್‌ವರ್ತಿನಲ್ಲಿ ಮಾರಿದವರು ಹೆಚ್ಚಾಗಿ ಗೇಣಿಗೆ ಕೊಟ್ಟಿದ್ದ ಜಮೀನುದಾರರು. ಆ ಕಾಲ ಅಲ್ಲಿ ಬೇಸಾಯಕ್ಕೆ ಮಂದಗಾಲ. ಉತ್ತವರು ಬೇರೆಯವರು. ನಮ್ಮಲ್ಲಾದರೋ ಮಾರುವವನೂ ತೋಟ ಮಾಡಿದವನೂ ಒಬ್ಬನೇ. ಆದುದರಿಂದ ಹೊವರ್ಡನ ನ್ಯಾಯವನ್ನು ನಾವು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕಾಗಿದೆ: ಏರಿಕೆಯಲ್ಲಿ ಊರಿನವರಿಗೆ ಪಾಲಿದ್ದರೆ, ನೆಲ ಬಿಟ್ಟುಕೊಟ್ಟವನಿಗೂ ಪಾಲು ಇರಬೇಕು.

ನಕ್ಷೆ ಹಾಕಿದ ಕ್ರಮ

1904ರಲ್ಲಿ ರೇಮಂಡ್ ಅನ್ವಿನ್ ಮತ್ತು ಬ್ಯಾರಿ ಪಾರ್ಕರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳ ನಕ್ಷೆ ಅಂಗೀಕಾರವಾಯಿತು. ಅದರ ಕೆಲವು ಅಂಶಗಳು ಇಂದಿಗೂ ಪಾಠದಂತಿವೆ.

ಮೊದಲನೆಯದಾಗಿ, ಇದ್ದದ್ದನ್ನು ಬಳಸಿಕೊಂಡರು. ಹಿಚಿನ್‌ನಿಂದ ಕೇಂಬ್ರಿಜ್‌ಗೆ ಹೋಗುವ ರೈಲು ಮಾರ್ಗ ಈ ಜಮೀನಿನ ನಡುವೆಯೇ ಹಾದುಹೋಗುತ್ತಿತ್ತು. ಕಾರ್ಖಾನೆಗಳಿಗೆ ಸರಕು ಸಾಗಿಸುವ ಅನುಕೂಲ ಮೊದಲ ದಿನದಿಂದಲೇ ಇತ್ತು. ಹಳೆಯ ಹಳ್ಳಿಗಳನ್ನು, ಮರಗಳನ್ನು ಆದಷ್ಟು ಹಾಗೆಯೇ ಉಳಿಸಿ ರಸ್ತೆ ಎಳೆದರು.

ಎರಡನೆಯದಾಗಿ, ಗಾಳಿಯ ದಿಕ್ಕು ನೋಡಿದರು. ಅಲ್ಲಿ ವರ್ಷದ ಹೆಚ್ಚು ಕಾಲ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆದುದರಿಂದ ಕಾರ್ಖಾನೆಗಳ ವಲಯವನ್ನು ಪೂರ್ವಕ್ಕೆ ಇಟ್ಟರು. ಹೊಗೆ ಮನೆಗಳ ಮೇಲೆ ಬರದೆ ಆಚೆ ಹೋಗುತ್ತದೆ.

ಮೂರನೆಯದಾಗಿ, ಒಂದು ಎಕರೆಯಲ್ಲಿ 12 ಮನೆಗಳಿಗಿಂತ ಹೆಚ್ಚು ಬೇಡ ಎಂಬುದು ಅನ್ವಿನ್ನನ ನಿಲುವು. ಪ್ರತಿ ಮನೆಗೂ ಕಾಯಿಪಲ್ಲೆ ಬೆಳೆಯುವಷ್ಟು ಹಿತ್ತಲು.

ನಾಲ್ಕನೆಯದಾಗಿ, ನೀರು, ಅನಿಲ, ವಿದ್ಯುಚ್ಛಕ್ತಿಗಳ ಸರಬರಾಜನ್ನು ನಗರದ ಕಂಪನಿಯೇ ನಡೆಸಿತು. ನೆಲದ ಗೇಣಿ ಕಡಿಮೆಯಿದ್ದ ಆರಂಭದ ವರ್ಷಗಳಲ್ಲಿ ಈ ಸರಬರಾಜಿನ ಆದಾಯ ಆಸರೆಯಾಯಿತು. ತೋಟದಲ್ಲಿ ಅಡಿಕೆ ಬರುವವರೆಗೆ ಬಾಳೆ ಹಾಕಿದಂತೆ ಎನ್ನಬಹುದು.

ಕಾದ ವರ್ಷಗಳು

ಕಾಗದದ ಮೇಲಿನ ನಗರ ಬೇಗ ಏಳುತ್ತದೆ. ನೆಲದ ಮೇಲಿನದು ಹಾಗಲ್ಲ. ಷೇರು ಹಣ ನಿರೀಕ್ಷಿಸಿದಷ್ಟು ಬೇಗ ಬರಲಿಲ್ಲ. ಸಾಲದ ಭಾರವಿತ್ತು. 1905ರಲ್ಲಿ ಅಗ್ಗದ ಮನೆಗಳ ಪ್ರದರ್ಶನ ಏರ್ಪಡಿಸಿ, 150 ಪೌಂಡಿನಲ್ಲಿ ಮನೆ ಕಟ್ಟಿ ತೋರಿಸುವಂತೆ ಸ್ಪರ್ಧೆ ಇಟ್ಟರು. ಸಾವಿರಾರು ಜನ ರೈಲಿನಲ್ಲಿ ಬಂದು ನೋಡಿದರು. ಊರಿನ ಹೆಸರು ಹರಡಿತು.

ಕಾರ್ಖಾನೆಗಳು ಒಂದೊಂದಾಗಿ ಬಂದವು. ಡೆಂಟ್ ಎಂಬ ಪ್ರಕಾಶಕರು ತಮ್ಮ ಮುದ್ರಣಾಲಯ ತೆರೆದರು. 1910ರಲ್ಲಿ ಅಮೆರಿಕದ ಸ್ಪೈರೆಲ್ಲಾ ಎಂಬ ಉಡುಪಿನ ಕಂಪನಿ ಬಂತು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಮ್ಮಿನಿಂದ ಓಡಿಬಂದ ನಿರಾಶ್ರಿತರು ಲೋಹದ ಕಾರ್ಖಾನೆ ಹಾಕಿದರು. 1920ರ ದಶಕದ ಆರಂಭಕ್ಕೆ ಲೆಕ್ಕದ ಯಂತ್ರಗಳನ್ನು ಮಾಡುವ ಬ್ರಿಟಿಷ್ ಟ್ಯಾಬ್ಯುಲೇಟಿಂಗ್ ಮೆಷಿನ್ ಕಂಪನಿ ನೆಲೆಯೂರಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿ ಬಿಡಿಸಲು ಬಳಸಿದ ‘ಬಾಂಬ್’ ಎಂಬ ಹೆಸರಿನ ಯಂತ್ರಗಳು ಇಲ್ಲಿಯೇ ತಯಾರಾದವು. ಒಂದೇ ದೊಡ್ಡ ಕಾರ್ಖಾನೆಯನ್ನು ನೆಚ್ಚಿಕೊಳ್ಳದೆ ಹಲವು ಬಗೆಯ ಉದ್ಯಮಗಳನ್ನು ಸೇರಿಸಿದ್ದು ಊರಿಗೆ ಒಳಿತಾಯಿತು. ಒಂದೇ ಬೆಳೆಯನ್ನು ನೆಚ್ಚಿದ ತೋಟದ ಕಷ್ಟ ನಮಗೆ ತಿಳಿದೇ ಇದೆ.

ಆದರೂ ಷೇರುದಾರರು ಮೊದಲ ಲಾಭಾಂಶ ಕಂಡದ್ದು 1913ರಲ್ಲಿ, ಅದೂ ನೂರಕ್ಕೆ ಕೇವಲ 1. ಪೂರ್ತಿ ನೂರಕ್ಕೆ 5 ಬಂದದ್ದು 1923ರಲ್ಲಿ. ಅಂದರೆ ಇಪ್ಪತ್ತು ವರ್ಷ! ‘ಮೂರು ವರ್ಷದಲ್ಲಿ ನಗರ’ ಎಂದು ಯಾರಾದರೂ ಹೇಳಿದರೆ ಈ ಅಂಕಿಯನ್ನು ಜ್ಞಾಪಿಸಿಕೊಳ್ಳಬೇಕು.

ಕೊರತೆಗಳೂ ಇದ್ದವು. ಹೊಸ ಮನೆಗಳ ಬಾಡಿಗೆ ಕುಶಲ ಕೆಲಸಗಾರರಿಗೆ ನಿಲುಕಿತು, ಕಡಿಮೆ ಕೂಲಿಯವರಿಗೆ ನಿಲುಕಲಿಲ್ಲ. ಅನೇಕರು ಪಕ್ಕದ ಹಿಚಿನ್ ಮತ್ತು ಹಳ್ಳಿಗಳಲ್ಲಿ ವಾಸಿಸಿ ದಿನವೂ ಬಂದು ಹೋಗುತ್ತಿದ್ದರು. ಹಸಿರು ವಲಯದಲ್ಲಿ ಸಣ್ಣ ಹಿಡುವಳಿದಾರರು ನೆಲೆಸಿ ಪಟ್ಟಣಕ್ಕೆ ಹಾಲು, ತರಕಾರಿ ಒದಗಿಸುತ್ತಾರೆಂಬ ಕನಸು ಹೊವರ್ಡ್ ಎಣಿಸಿದಷ್ಟು ಬೆಳೆಯಲಿಲ್ಲ. ಆದರೆ ಆ ಭೂಮಿ ಸೈಟುಗಳಾಗಿ ಒಡೆಯದೆ ಕೃಷಿ ಭೂಮಿಯಾಗಿಯೇ ಉಳಿಯಿತು ಎಂಬುದು ಸಣ್ಣ ಮಾತಲ್ಲ.

ಕಣಜಕ್ಕೆ ಬಿದ್ದ ತೂತು

ಇನ್ನು ಈ ಪಾಠದ ಮುಖ್ಯ ಭಾಗಕ್ಕೆ ಬರೋಣ. ನೆಲದ ಏರಿಕೆ ಊರಿಗೇ ಎಂದು ಹೊವರ್ಡ್ ಬರೆದಿದ್ದನಷ್ಟೆ. ನಡೆದದ್ದು ಪೂರ್ತಿ ಹಾಗಲ್ಲ.

ಕಾಲಕಾಲಕ್ಕೆ ಗೇಣಿ ಪರಿಷ್ಕರಿಸಬೇಕೆಂಬುದು ಮೂಲ ಉದ್ದೇಶ. ಆದರೆ ಕಾರ್ಖಾನೆದಾರರು, ಮನೆ ಕಟ್ಟುವವರು ಇದಕ್ಕೆ ಒಪ್ಪಲಿಲ್ಲ. ಕೊನೆಗೆ 99 ವರ್ಷಗಳ ಅವಧಿಗೆ ಸ್ಥಿರ ಗೇಣಿಯ ಕರಾರೇ ರೂಢಿಯಾಯಿತು. ಊರು ಬೆಳೆದು ನೆಲದ ಬೆಲೆ ಏರಿದರೂ ಗೇಣಿ ಇದ್ದಲ್ಲಿಯೇ. ಏರಿಕೆಯ ದೊಡ್ಡ ಪಾಲು ಕರಾರು ಮುಗಿಯುವವರೆಗೆ ಊರಿನ ಖಜಾನೆಗೆ ಬರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಇನ್ನೊಂದು ಅಪಾಯ ಬಂತು. ಲಾಭಾಂಶದ ಮೇಲಿನ ಮಿತಿಯನ್ನು ಕಂಪನಿ ಸಡಿಲಿಸಿತು. 99 ವರ್ಷದ ಕರಾರುಗಳು ಮುಗಿಯುವ ಕಾಲ ಹತ್ತಿರವಾದಂತೆ ಕಂಪನಿಯ ಷೇರು ಕೊಂಡವನಿಗೆ ಇಡೀ ಊರಿನ ನೆಲ ಕೈಗೆ ಬರುತ್ತದೆ ಎಂಬುದು ಹಣವಂತರಿಗೆ ಹೊಳೆಯಿತು. 1960–61ರಲ್ಲಿ ‘ಹೋಟೆಲ್ ಯಾರ್ಕ್’ ಎಂಬ ಹೊರಗಿನ ಕಂಪನಿ ಷೇರುಗಳನ್ನು ಕೊಂಡು ಹಿಡಿತ ಸಾಧಿಸಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಹಾಗಾಯಿತು.

ಊರಿನವರು ಸುಮ್ಮನೆ ಕೂರಲಿಲ್ಲ. ಅವರ ಪುರಸಭೆಯೇ ಪಾರ್ಲಿಮೆಂಟಿನ ಮುಂದೆ ಹೋಗಿ 1962ರಲ್ಲಿ ಒಂದು ವಿಶೇಷ ಕಾಯಿದೆ ಪಡೆಯಿತು. 1963ರ ಜನವರಿ 1ರಿಂದ ಇಡೀ ಆಸ್ತಿ ಒಂದು ಸಾರ್ವಜನಿಕ ನಿಗಮದ ವಶಕ್ಕೆ ಬಂತು; ಷೇರುದಾರರಿಗೆ ಪರಿಹಾರ ಕೊಡಬೇಕಾಯಿತು. 1967ರ ಕಾಯಿದೆಯೊಂದರಿಂದ ಇಂಗ್ಲೆಂಡಿನಾದ್ಯಂತ ದೀರ್ಘ ಗೇಣಿಯ ಮನೆಯವರಿಗೆ ನೆಲವನ್ನೇ ಕೊಳ್ಳುವ ಹಕ್ಕು ಬಂದಾಗ ಇಲ್ಲಿಯೂ ಎಷ್ಟೋ ನಿವೇಶನಗಳು ಖಾಸಗಿಯಾದವು. ಉಳಿದ ಅಂಗಡಿ, ಕಾರ್ಖಾನೆ, ಕೃಷಿ ಭೂಮಿಗಳು 1995ರಲ್ಲಿ ಮತ್ತೊಂದು ಕಾಯಿದೆಯ ಮೂಲಕ ಒಂದು ಪ್ರತಿಷ್ಠಾನಕ್ಕೆ ಸೇರಿದವು. ಆ ಆಸ್ತಿಯ ಮಿಗತೆ ಊರಿನ ಒಳಿತಿಗೇ ವೆಚ್ಚವಾಗಬೇಕು ಎಂಬುದು ಅದರ ಕಟ್ಟಳೆ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 33 ಸಾವಿರವನ್ನು ದಾಟಿತ್ತು. ಹೊವರ್ಡ್ ಎಣಿಸಿದ 32,000ಕ್ಕೆ ಎಷ್ಟು ಹತ್ತಿರ!

ಉಪವಿಧಿಯ ಒಂದು ಸಾಲು ಸಡಿಲವಾದರೆ ಅರವತ್ತು ವರ್ಷದ ದುಡಿಮೆ ಪರರ ಪಾಲಾಗಬಹುದು. ಮಹಾಸಭೆಯ ತಿದ್ದುಪಡಿಗಳನ್ನು ಓದದೆ ಕೈಯೆತ್ತುವ ಸದಸ್ಯರು ಇದನ್ನು ಮನಸ್ಸಿನಲ್ಲಿಡತಕ್ಕದ್ದು.

ನಮ್ಮ ಕಾಯಿದೆ ಏನು ಹೇಳುತ್ತದೆ?

1894ರ ಭೂಸ್ವಾಧೀನ ಕಾಯಿದೆಯ 24ನೆಯ ಕಲಮಿನಂತೆ, ಸ್ವಾಧೀನದ ನಂತರ ಆಗುವ ಉಪಯೋಗದಿಂದ ಏರುವ ಬೆಲೆಯನ್ನು ಪರಿಹಾರದ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ನಗರ ಬಂದು ಏರಿದ್ದು ಪೂರ್ತಿಯಾಗಿ ಇತರರದ್ದು.

ಆ ಕಾಯಿದೆಯ ಬದಲಿಗೆ ಬಂದ 2013ರ ಕಾಯಿದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಗ್ರಾಮಾಂತರದ ಜಮೀನಿಗೆ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೆ ಏರಿಸಿ, ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನ ಕೊಡಲು ಅವಕಾಶವಿದೆ. ಮರಗಿಡಗಳ ಬೆಲೆ ಕಟ್ಟಲು ಕೃಷಿ, ತೋಟಗಾರಿಕೆಯಲ್ಲಿ ಅನುಭವವುಳ್ಳವರ ಸೇವೆ ಪಡೆಯಬಹುದು. ನಗರೀಕರಣಕ್ಕೆಂದು ಭೂಮಿ ಪಡೆದರೆ, ಅಭಿವೃದ್ಧಿಪಡಿಸಿದ ನೆಲದ ನೂರಕ್ಕೆ 20ನ್ನು ಕಾದಿರಿಸಿ, ಸ್ವಾಧೀನ ಮತ್ತು ಅಭಿವೃದ್ಧಿಯ ವೆಚ್ಚದ ಬೆಲೆಗೆ ಭೂಮಿ ಕೊಟ್ಟ ಕುಟುಂಬಗಳಿಗೆ ನೀಡಿಕೆ ಮಾಡಬೇಕು. ಏನೂ ಅಭಿವೃದ್ಧಿ ಮಾಡದೆ ಆ ಜಮೀನನ್ನು ಮತ್ತೊಬ್ಬರಿಗೆ ಮಾರಿದರೆ, ಏರಿದ ಬೆಲೆಯ ನೂರಕ್ಕೆ 40 ಹಳೆಯ ಮಾಲೀಕರಿಗೆ ಸೇರಬೇಕು. ಹೊವರ್ಡನ ವಿಚಾರದ ಒಂದು ಎಳೆ ಇಲ್ಲಿ ಕಾಣುತ್ತದೆ.

ಆದರೆ ಎಚ್ಚರ. ಎಲ್ಲ ಸ್ವಾಧೀನವೂ ಒಂದೇ ಕಾಯಿದೆಯಡಿ ನಡೆಯುವುದಿಲ್ಲ. ಕರ್ನಾಟಕದಲ್ಲಿ ಕೈಗಾರಿಕಾ ಪ್ರದೇಶಗಳಿಗೆ 1966ರ ಪ್ರತ್ಯೇಕ ಕಾಯಿದೆ ಇದೆ. ಆದುದರಿಂದ ನೋಟೀಸು ಬಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಹಣ?’ ಎಂಬುದಲ್ಲ, ‘ಯಾವ ಕಾಯಿದೆ, ಯಾವ ಕಲಮು?’ ಎಂಬುದು.

ರೈತರೇ ಮುಂದೆ ಬಂದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಪುಣೆಯ ಹಡಪ್ಸರ್ ಬಳಿಯ ಮಗರ್‌ಪಟ್ಟಾದಲ್ಲಿ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿ, ಜಮೀನಿನ ಪ್ರಮಾಣಕ್ಕೆ ತಕ್ಕಂತೆ ಷೇರು ಪಡೆದು, ತಾವೇ ನಗರ ಕಟ್ಟಿಸಿದರು. ಬಿಡಿಬಿಡಿಯಾಗಿ ಮಾರಿದ್ದರೆ ಒಂದು ಸಲದ ಹಣ ಸಿಗುತ್ತಿತ್ತು. ಒಟ್ಟಾದುದರಿಂದ ಏರಿಕೆಯಲ್ಲಿ ಪಾಲು ಸಿಕ್ಕಿತು. ಅದು ದೊಡ್ಡ ನಗರದ ಅಂಚಿನ ಭೂಮಿ, ಎಲ್ಲ ಕಡೆಯೂ ಹಾಗೆ ನಡೆಯಲಾರದು ಎಂಬುದನ್ನೂ ಮರೆಯಬಾರದು.

‘ಖಾಲಿ ಜಮೀನು’ ಎಂಬ ಮಾತು

ನಕ್ಷೆ ಬರೆಯುವವರು ಮನೆಗಳು ವಿರಳವಾಗಿದ್ದರೆ ‘ಖಾಲಿ’ ಎನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಮನೆಗಳು ವಿರಳವಾಗಿರುವುದು ಸಹಜ. ತೋಟದ ಒಂದು ಎಕರೆಯ ಹಿಂದೆ ಸೊಪ್ಪಿನ ಬೆಟ್ಟ, ನೀರಿನ ಒರತೆ, ದನ ಮೇಯುವ ಬ್ಯಾಣ ಎಲ್ಲವೂ ಇರುತ್ತವೆ. ದಾಖಲೆಯಲ್ಲಿ ಬೆಟ್ಟ ಬೇರೆ, ತೋಟ ಬೇರೆ. ಬದುಕಿನಲ್ಲಿ ಎರಡೂ ಒಂದೇ. ಬೆಟ್ಟ ಹೋದರೆ ತೋಟಕ್ಕೆ ಸೊಪ್ಪಿಲ್ಲ, ನೀರಿನ ಹಾದಿ ಕೆಟ್ಟರೆ ತಗ್ಗಿನ ಹತ್ತು ತೋಟಗಳಿಗೆ ನೀರಿಲ್ಲ. ಜಮೀನು ಕಳೆದುಕೊಳ್ಳದ ನೆರೆಯವನಿಗೂ ನಷ್ಟ ತಟ್ಟುತ್ತದೆ. ಇದನ್ನು ಹೇಳಬೇಕಾದವರು ನಾವೇ, ನಕ್ಷೆ ಹೇಳುವುದಿಲ್ಲ.

ಸದಸ್ಯರು ಮಾಡಿಟ್ಟುಕೊಳ್ಳಬೇಕಾದ ಕೆಲಸಗಳು

1. ಪಹಣಿ, ಪೋಡಿ, ಖಾತೆಗಳನ್ನು ಇಂದಿನ ಹೆಸರಿಗೆ ಸರಿಪಡಿಸಿಡಿ. ಅಜ್ಜನ ಹೆಸರಿನಲ್ಲಿರುವ ಖಾತೆಗೆ ಪರಿಹಾರ ಸಿಗುವುದು ತಡ.

2. ಪಹಣಿಯ ಬೆಳೆ ಕಾಲಮಿನಲ್ಲಿ ಅಡಿಕೆ, ಕಾಫಿ, ಮೆಣಸು ನಮೂದಾಗಿದೆಯೇ ನೋಡಿ. ಮರಗಳ ಸಂಖ್ಯೆ, ವಯಸ್ಸು, ಬಾವಿ, ಕೆರೆ, ಕೊಳವೆ ಸಾಲುಗಳ ಪಟ್ಟಿ ಬರೆದಿಡಿ.

3. ಸಂಘಕ್ಕೆ ಹಾಕಿದ ಮಾಲಿನ ಪಟ್ಟಿಗಳನ್ನು ಜೋಪಾನ ಮಾಡಿ. ಇಳುವರಿಗೆ ಅವೇ ಸಾಕ್ಷಿ.

4. ದಲ್ಲಾಳಿಗಳು ಗುಟ್ಟಾಗಿ ಬಂದು ಒಳ್ಳೆಯ ಬೆಲೆ ಹೇಳಿದರೆ ನೆರೆಯವರೊಡನೆ ಮಾತಾಡದೆ ಕರಾರಿಗೆ ರುಜು ಹಾಕಬೇಡಿ. ಗುಟ್ಟಿನಿಂದ ಲಾಭವಾಗುವುದು ಕೊಳ್ಳುವವನಿಗೆ.

5. ಯೋಜನೆ ಬಂದಾಗ ಒಬ್ಬೊಬ್ಬರೇ ಕಛೇರಿಗೆ ಅಲೆಯುವ ಬದಲು ಸಂಘದ ಮೂಲಕ ಒಟ್ಟಾಗಿ ಕೇಳಿ: ಗಾಳಿ ಯಾವ ಕಡೆಗೆ? ಕೊಳೆನೀರು ಯಾವ ಹಳ್ಳಕ್ಕೆ? ಕೂಲಿಯವರಿಗೆ ಮನೆ ಎಲ್ಲಿ? ಕೃಷಿಗೆಂದು ಬಿಟ್ಟ ಭೂಮಿ ಕೃಷಿಗೇ ಉಳಿಯುತ್ತದೆಂಬುದಕ್ಕೆ ಬರಹದ ಆಧಾರವೇನು? ಹತ್ತು ವರ್ಷ ಏನೂ ಕಟ್ಟದಿದ್ದರೆ ಭೂಮಿ ಯಾರದು?

ಕೈಗಾರಿಕೆ ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಮಕ್ಕಳಿಗೂ ಕೆಲಸ ಬೇಕು, ನಮ್ಮ ಮಾಲಿಗೂ ಪೇಟೆ ಬೇಕು. ಲೆಚ್‌ವರ್ತಿನ ಜನ ಕೈಗಾರಿಕೆಯನ್ನು ಬರಮಾಡಿಕೊಂಡರು, ನೆಲದ ಒಡೆತನವನ್ನು ಮಾತ್ರ ಸುಲಭವಾಗಿ ಬಿಡಲಿಲ್ಲ. ಜಾರಿದಾಗ ಹೋರಾಡಿ ಮರಳಿ ಪಡೆದರು. ಬೆಲೆಯ ಏರಿಕೆಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದು ನಗರದ ಮೊದಲ ಕಲ್ಲು ಇಡುವ ಮೊದಲೇ ಬರಹದಲ್ಲಿ ತೀರ್ಮಾನವಾಗಬೇಕು. ಬೆಲೆ ಏರಿದ ಮೇಲೆ ಕೇಳಿದರೆ ಕೊಡುವವರಿಲ್ಲ.

ಅಭ್ಯಾಸ ಕೂಟದಲ್ಲಿ ಚರ್ಚೆಗೆ

1. ಲೆಚ್‌ವರ್ತಿನಲ್ಲಿ ಭೂಮಿಯನ್ನು ಮಾರದೆ ಗೇಣಿಗೆ ಕೊಟ್ಟದ್ದೇಕೆ? ಸ್ಥಿರ ಗೇಣಿಯಿಂದ ಆದ ನಷ್ಟವೇನು?

2. ಭೂಮಿ ಬಿಟ್ಟುಕೊಡುವವರಿಗೆ ಒಂದು ಸಲದ ಹಣ, ಅಭಿವೃದ್ಧಿಯಾದ ನಿವೇಶನ, ಷೇರು, ವಾರ್ಷಿಕ ಗೇಣಿ, ಇವುಗಳಲ್ಲಿ ಯಾವುದು ಹಿತ? ಎರಡೆಕರೆಯ ಬೆಳೆಗಾರನಿಗೂ ಇಪ್ಪತ್ತೆಕರೆಯವನಿಗೂ ಉತ್ತರ ಒಂದೇ ಆಗುತ್ತದೆಯೇ?

3. ನಿಮ್ಮ ಗ್ರಾಮದ ನಕ್ಷೆಯಲ್ಲಿ ‘ಖಾಲಿ’ ಎಂದು ಕಾಣುವ ಯಾವ ಯಾವ ಜಾಗಗಳು ತೋಟಗಳಿಗೆ ಆಧಾರವಾಗಿವೆ? ಪಟ್ಟಿ ಮಾಡಿ ಸಂಘಕ್ಕೆ ಕಳುಹಿಸಿ.